ಬಾಜ಼ಿ ಜಾತಕದಲ್ಲಿ ಅಡಗಿರುವುದನ್ನು ಓದುವುದು ಹೇಗೆ? ಒಂದೊಂದೇ ಹಂತ

ಬಾಜ಼ಿ ಎಂಬ ಚೀನೀ ಜಾತಕ ಕಲಿಯಲು ಹೊರಟವರು ಬಹುತೇಕ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆ್ಯಪ್‌ನಲ್ಲಿ ಹುಟ್ಟಿದ ದಿನ, ಗಂಟೆ ಹಾಕುತ್ತಾರೆ. ಎಂಟು ಅಕ್ಷರ ಬರುತ್ತವೆ. ಪಕ್ಕದಲ್ಲೇ ‘ಮಣ್ಣು 4, ಬೆಂಕಿ 2, ಲೋಹ 2, ನೀರು 0, ಮರ 0’ ಅಂತ ಒಂದು ಲೆಕ್ಕ ಇರುತ್ತದೆ. ಅದನ್ನು ನೋಡಿ ‘ನನಗೆ ನೀರಿಲ್ಲ, ಮರವಿಲ್ಲ’ ಎಂದು ತೀರ್ಮಾನಿಸಿ, ನೀಲಿ ಬಟ್ಟೆ ಹುಡುಕಲು, ಗಿಡದ ಕುಂಡ ತರಲು ಹೊರಡುತ್ತಾರೆ. ಜಾತಕ ಓದುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಆ ಲೆಕ್ಕ ಮೇಲೆ ಕಾಣುವುದನ್ನು ಮಾತ್ರ ಎಣಿಸುತ್ತದೆ. ಬಾಜ಼ಿಯಲ್ಲಿ ಅರ್ಧಕ್ಕಿಂತ ಜಾಸ್ತಿ ವಿಷಯ ಒಳಗೆ ಕೂತಿರುತ್ತದೆ. ಅದನ್ನು ಹೊರಗೆ ತೆಗೆಯಲು ಒಂದು ಕ್ರಮ ಇದೆ. ಕ್ರಮ ತಪ್ಪಿದರೆ ಎಷ್ಟೇ ಓದಿಕೊಂಡಿದ್ದರೂ ಉತ್ತರ ತಪ್ಪುತ್ತದೆ.

ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 1990ರ ಫೆಬ್ರವರಿ 2, ಸಂಜೆ 6:40, ಚೀನಾದ ಚೆಂಗ್ಡು, ಹೆಣ್ಣು ಮಗು. ಇದು ಅಭ್ಯಾಸಕ್ಕೆಂದೇ ಆರಿಸಿದ ಸಮಯ, ಗೊತ್ತಿರುವ ಯಾರ ಜಾತಕವೂ ಅಲ್ಲ. ಮೇಲೆ ಹೇಳಿದ 4-2-2-0-0 ಲೆಕ್ಕ ಇದರದ್ದೇ.

ಬೇಕಾದ ಸಾಮಾನು

ಒಳಗಿನ ಅಕ್ಷರಗಳನ್ನೂ ತೋರಿಸುವ ಬಾಜ಼ಿ ಆ್ಯಪ್ ಎರಡು ಇರಲಿ. ಒಂದು ಸಾಲದು, ತಾಳೆ ನೋಡಲು ಇನ್ನೊಂದು ಬೇಕೇ ಬೇಕು. ಹುಟ್ಟಿದ ಊರಿನ ರೇಖಾಂಶ ಗೊತ್ತಿರಲಿ. ಗೆರೆ ಇಲ್ಲದ ನೋಟ್‌ಬುಕ್, ಪೆನ್ಸಿಲ್, ಕೆಂಪು ಪೆನ್ನು ಇಟ್ಟುಕೊಳ್ಳಿ. ಸ್ಕ್ರೀನ್ ಮೇಲೆಯೇ ಓದುತ್ತೇನೆ ಅಂದರೆ ಆಗುವುದಿಲ್ಲ. ಕೈಯಿಂದ ಬರೆದಾಗಲೇ ಯಾವುದು ಯಾವುದರ ಪಕ್ಕದಲ್ಲಿದೆ ಎನ್ನುವುದು ಕಣ್ಣಿಗೆ ಬೀಳುತ್ತದೆ.

ಪದಗಳ ಬಗ್ಗೆ ಒಂದು ಮಾತು. ಬಾಜ಼ಿ ಎಂದರೆ ಎಂಟು ಅಕ್ಷರ. ವರ್ಷ, ತಿಂಗಳು, ದಿನ, ಗಂಟೆ ಎಂಬ ನಾಲ್ಕು ಕಂಬಗಳಿರುತ್ತವೆ. ಒಂದೊಂದು ಕಂಬದಲ್ಲೂ ಮೇಲೊಂದು, ಕೆಳಗೊಂದು ಅಕ್ಷರ. ಮೇಲಿನದನ್ನು ಮೇಲಕ್ಷರ, ಕೆಳಗಿನದನ್ನು ಕೆಳಕ್ಷರ, ಕೆಳಗಿನದರೊಳಗೆ ಅಡಗಿರುವುದನ್ನು ಒಳಕ್ಷರ ಎಂದು ಕರೆಯುತ್ತೇನೆ. ಮೇಲಕ್ಷರ ಹತ್ತು: ಮರ, ಬೆಂಕಿ, ಮಣ್ಣು, ಲೋಹ, ನೀರು ಈ ಐದು ಧಾತುಗಳಿಗೂ ಯಾಂಗ್ (ಗಂಡು ಗುಣ) ಒಂದು, ಯಿನ್ (ಹೆಣ್ಣು ಗುಣ) ಒಂದು. ಕೆಳಕ್ಷರ ಹನ್ನೆರಡು, ಅವನ್ನು ಪ್ರಾಣಿಗಳ ಹೆಸರಿನಿಂದಲೇ ಕರೆಯೋಣ. ಚೀನೀ ಉಚ್ಚಾರಣೆ ಹಿಡಿದುಕೊಂಡರೆ ಗೊಂದಲ ಆಗುತ್ತದೆ. ಯಾಂಗ್ ಮಣ್ಣಿಗೂ ‘ವು’, ಕುದುರೆಗೂ ‘ವು’. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಹಂತ 1: ಗಂಟೆ ಸರಿಮಾಡಿ

ಸುಮ್ನೆ ಗಡಿಯಾರದ ಸಮಯ ಹಾಕಿಬಿಡಬೇಡಿ. ಬಾಜ಼ಿಯ ಒಂದು ಗಂಟೆ ನಮ್ಮ ಎರಡು ಗಂಟೆಗೆ ಸಮ, ಅದು ಸೂರ್ಯನನ್ನು ನೋಡಿ ನಡೆಯುತ್ತದೆ. ಚೀನಾ ಇಡೀ ದೇಶಕ್ಕೆ ಒಂದೇ ಗಡಿಯಾರ, ಅದರ ಅಳತೆ 120 ಡಿಗ್ರಿ ಪೂರ್ವ ರೇಖಾಂಶ. ಚೆಂಗ್ಡು ಇರುವುದು ಸುಮಾರು 104 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ 64 ನಿಮಿಷ ಕಳೆಯಬೇಕು. 6:40 ಎಂದರೆ ಅಲ್ಲಿನ ಸೂರ್ಯನ ಲೆಕ್ಕದಲ್ಲಿ ಸುಮಾರು 5:36. ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯ ಗಡಿಯಾರಕ್ಕಿಂತ ಇನ್ನೂ ಹದಿಮೂರು ಹದಿನಾಲ್ಕು ನಿಮಿಷ ಹಿಂದಿರುತ್ತಾನೆ. ಅದನ್ನೂ ಕಳೆದರೆ 5:22ರ ಆಸುಪಾಸು. ಸಂಜೆ 5ರಿಂದ 7 ಹುಂಜದ ಗಂಟೆ, ಆದ್ದರಿಂದ ನಮ್ಮ ಉದಾಹರಣೆ ಹುಂಜದಲ್ಲೇ ಉಳಿಯಿತು.

ಇದೇ ಮಗು ಅರ್ಧ ಗಂಟೆ ಮೊದಲು, 6:10ಕ್ಕೆ ಹುಟ್ಟಿದ್ದರೆ? ಸೂರ್ಯನ ಲೆಕ್ಕ 4:52. ಅದು ಕೋತಿಯ ಗಂಟೆ. ಗಡಿಯಾರ ಮಾತ್ರ ನೋಡಿದವರು ಎರಡನ್ನೂ ಹುಂಜ ಎಂದೇ ಬರೆದಿರುತ್ತಾರೆ.

ಕರ್ನಾಟಕದಲ್ಲಿ ಹುಟ್ಟಿದವರ ಜಾತಕಕ್ಕೂ ಇದೇ ಮಾತು. ಭಾರತದ ಗಡಿಯಾರದ ಅಳತೆ 82.5 ಡಿಗ್ರಿ. ಬೆಂಗಳೂರಿಗೆ ಸುಮಾರು 20 ನಿಮಿಷ, ಮಂಗಳೂರಿಗೆ ಸುಮಾರು 31 ನಿಮಿಷ ಕಳೆಯಬೇಕು. ಊರಿನ ಹೆಸರನ್ನೇ ಕೇಳದ ಆ್ಯಪ್ ಇದನ್ನು ಮಾಡುವುದಿಲ್ಲ.

ಇನ್ನೂ ಮೂರು ಕಡೆ ಹುಷಾರಾಗಿರಿ. 1986ರಿಂದ 1991ರವರೆಗೆ ಚೀನಾದಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಿದ್ದರು. ಆಗ ಹುಟ್ಟಿದವರಿಗೆ ಆ ಗಂಟೆಯನ್ನೂ ಕಳೆಯಬೇಕು. ರಾತ್ರಿ 11ರಿಂದ 12ರವರೆಗೆ ಹುಟ್ಟಿದವರಿಗೆ ದಿನ 11ಕ್ಕೇ ಬದಲಾಗುತ್ತದೆ ಎನ್ನುವವರೂ ಇದ್ದಾರೆ, 12ಕ್ಕೆ ಎನ್ನುವವರೂ ಇದ್ದಾರೆ. ಎರಡು ಆ್ಯಪ್‌ಗಳಲ್ಲಿ ದಿನದ ಕಂಬ ಬೇರೆ ಬಂದರೆ ಮೊದಲು ಈ ಸೆಟ್ಟಿಂಗ್ ನೋಡಿ. ಮೂರನೆಯದು, ತಿಂಗಳು ಬದಲಾಗುವ ಕ್ಷಣವನ್ನು ಚೀನೀ ಕ್ಯಾಲೆಂಡರ್‌ಗಳು ಬೀಜಿಂಗ್ ಸಮಯದಲ್ಲಿ ಕೊಡುತ್ತವೆ. ಭಾರತದಲ್ಲಿ ಆ ದಿನವೇ ಹುಟ್ಟಿದವರಿಗೆ ಅದರಿಂದ ಎರಡೂವರೆ ಗಂಟೆ ಕಳೆದು ನೋಡಿ.

ಹಂತ 2: ನಾಲ್ಕು ಕಂಬ ಬರೆದು ತಾಳೆ ನೋಡಿ

ಇಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು ವರ್ಷದ್ದು. 1990ರಲ್ಲಿ ಚೀನೀ ಹೊಸ ವರ್ಷ ಜನವರಿ 27ಕ್ಕೆ ಬಂತು. ಹಾಗಾಗಿ ಫೆಬ್ರವರಿ 2ರಂದು ಹುಟ್ಟಿದವಳನ್ನು ಮನೆಯವರು ‘ಕುದುರೆ ವರ್ಷದವಳು’ ಎನ್ನುತ್ತಾರೆ. ಬಾಜ಼ಿಯಲ್ಲಿ ಮಾತ್ರ ವರ್ಷ ಬದಲಾಗುವುದು ಲಿಚುನ್ ದಿನ, ಅಂದರೆ ಫೆಬ್ರವರಿ 4ರ ಆಸುಪಾಸು. ಅವಳು ಇನ್ನೂ ಹಾವಿನ ವರ್ಷದಲ್ಲೇ ಇದ್ದಾಳೆ.

ತಿಂಗಳೂ ಹಾಗೆಯೇ. ಅಮಾವಾಸ್ಯೆಯ ಲೆಕ್ಕವಿಲ್ಲ, ಸೂರ್ಯನ ಲೆಕ್ಕ. ನಮ್ಮ ಪಂಚಾಂಗ ನೋಡಿ ಅಭ್ಯಾಸ ಇರುವವರು ಸಂಕ್ರಮಣಕ್ಕೆ ತಿಂಗಳು ಬದಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ನಮ್ಮದು ನಿರಯನ (ನಕ್ಷತ್ರಗಳಿಂದ ಅಳೆಯುವುದು), ಚೀನೀ ಲೆಕ್ಕ ಸಾಯನ (ಹಗಲು ರಾತ್ರಿ ಸಮವಾಗುವ ವಿಷುವ ಬಿಂದುವಿನಿಂದ ಅಳೆಯುವುದು). ಲಿಚುನ್ ಎಂದರೆ ಸೂರ್ಯ ಸಾಯನ 315 ಡಿಗ್ರಿ ಮುಟ್ಟುವ ಕ್ಷಣ. ಎತ್ತಿನ ತಿಂಗಳು ಜನವರಿ 5ರ ಸುಮಾರಿಗೇ ಶುರುವಾಗಿರುತ್ತದೆ, ಮಕರ ಸಂಕ್ರಾಂತಿಗೆ ಕಾಯುವುದಿಲ್ಲ.

ಉದಾಹರಣೆಯ ಕಂಬಗಳು ಹೀಗೆ ಬರುತ್ತವೆ:

ವರ್ಷ: ಯಿನ್ ಮಣ್ಣು, ಕೆಳಗೆ ಹಾವು
ತಿಂಗಳು: ಯಿನ್ ಬೆಂಕಿ, ಕೆಳಗೆ ಎತ್ತು
ದಿನ: ಯಾಂಗ್ ಮಣ್ಣು, ಕೆಳಗೆ ನಾಯಿ
ಗಂಟೆ: ಯಿನ್ ಲೋಹ, ಕೆಳಗೆ ಹುಂಜ

ದಿನದ ಮೇಲಕ್ಷರವೇ ಜಾತಕದ ಒಡತಿ. ಇಲ್ಲಿ ಯಾಂಗ್ ಮಣ್ಣು. ಮುಂದಿನ ಎಲ್ಲ ಮಾತೂ ಈ ಮಣ್ಣಿನ ಕಡೆಯಿಂದ ನೋಡಿದ್ದು.

ಬರೆದದ್ದು ಸರಿಯೇ ಎಂದು ನೋಡಲು ಒಂದು ಸುಲಭ ದಾರಿ ಇದೆ. ಇಲಿ, ಹುಲಿ, ಡ್ರ್ಯಾಗನ್, ಕುದುರೆ, ಕೋತಿ, ನಾಯಿ ಇವುಗಳ ಮೇಲೆ ಯಾಂಗ್ ಅಕ್ಷರ ಮಾತ್ರ ಬರುತ್ತದೆ. ಉಳಿದ ಆರರ ಮೇಲೆ ಯಿನ್ ಮಾತ್ರ. ಎತ್ತಿನ ಮೇಲೆ ಯಾಂಗ್ ಮರ ಬಂದಿದ್ದರೆ ಎಲ್ಲೋ ತಪ್ಪು ಬರೆದಿದ್ದೀರಿ. ಆ್ಯಪ್ ಬಗ್ಗೆಯೇ ಅನುಮಾನ ಇದ್ದರೆ 2000ದ ಜನವರಿ 1, ಮಧ್ಯಾಹ್ನ 12 ಎಂದು ಹಾಕಿ ನೋಡಿ. ವರ್ಷ ಯಿನ್ ಮಣ್ಣು-ಮೊಲ, ತಿಂಗಳು ಯಾಂಗ್ ಬೆಂಕಿ-ಇಲಿ, ದಿನ ಯಾಂಗ್ ಮಣ್ಣು-ಕುದುರೆ ಬರಬೇಕು. ವರ್ಷಕ್ಕೆ ಡ್ರ್ಯಾಗನ್ ಬಂದರೆ ಆ ಆ್ಯಪ್ ಬಿಟ್ಟುಬಿಡಿ.

ಹಂತ 3: ಒಳಕ್ಷರಗಳನ್ನು ಕೆಳಗೆ ಬರೆಯಿರಿ

ಒಂದೊಂದು ಪ್ರಾಣಿಯೊಳಗೂ ಒಂದರಿಂದ ಮೂರು ಮೇಲಕ್ಷರಗಳು ಅಡಗಿರುತ್ತವೆ. ಮೊದಲು ಬರೆದದ್ದು ಅದರ ಮುಖ್ಯ ಗುಣ, ಮಿಕ್ಕವು ಅದಕ್ಕಿಂತ ಕಡಿಮೆ ಬಲದವು.

ಇಲಿ: ಯಿನ್ ನೀರು
ಎತ್ತು: ಯಿನ್ ಮಣ್ಣು, ಯಿನ್ ನೀರು, ಯಿನ್ ಲೋಹ
ಹುಲಿ: ಯಾಂಗ್ ಮರ, ಯಾಂಗ್ ಬೆಂಕಿ, ಯಾಂಗ್ ಮಣ್ಣು
ಮೊಲ: ಯಿನ್ ಮರ
ಡ್ರ್ಯಾಗನ್: ಯಾಂಗ್ ಮಣ್ಣು, ಯಿನ್ ಮರ, ಯಿನ್ ನೀರು
ಹಾವು: ಯಾಂಗ್ ಬೆಂಕಿ, ಯಾಂಗ್ ಲೋಹ, ಯಾಂಗ್ ಮಣ್ಣು
ಕುದುರೆ: ಯಿನ್ ಬೆಂಕಿ, ಯಿನ್ ಮಣ್ಣು
ಮೇಕೆ: ಯಿನ್ ಮಣ್ಣು, ಯಿನ್ ಬೆಂಕಿ, ಯಿನ್ ಮರ
ಕೋತಿ: ಯಾಂಗ್ ಲೋಹ, ಯಾಂಗ್ ನೀರು, ಯಾಂಗ್ ಮಣ್ಣು
ಹುಂಜ: ಯಿನ್ ಲೋಹ
ನಾಯಿ: ಯಾಂಗ್ ಮಣ್ಣು, ಯಿನ್ ಲೋಹ, ಯಿನ್ ಬೆಂಕಿ
ಹಂದಿ: ಯಾಂಗ್ ನೀರು, ಯಾಂಗ್ ಮರ

ಈಗ ನಮ್ಮ ಜಾತಕದ ಕೆಳಗೆ ಇವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಬರೆದು ಮುಗಿಸಿದ ಮೇಲೆ ಲೋಹ ಇರುವ ಕಡೆಯೆಲ್ಲ ಕೆಂಪು ಸುತ್ತು ಹಾಕಿ. ಹಾವಿನಲ್ಲಿ ಒಂದು, ಎತ್ತಿನಲ್ಲಿ ಒಂದು, ನಾಯಿಯಲ್ಲಿ ಒಂದು, ಹುಂಜ ಪೂರ್ತಿ ಲೋಹವೇ. ನಾಲ್ಕು ಕಂಬಕ್ಕೂ ಸುತ್ತು ಬಿತ್ತು. ಆ್ಯಪ್ ‘ಲೋಹ 2’ ಎಂದಿತ್ತು, ಅಲ್ವಾ? ನೀರು ಸೊನ್ನೆ ಎಂದಿತ್ತು, ಆದರೆ ಎತ್ತಿನೊಳಗೆ ಯಿನ್ ನೀರು ಕೂತಿದೆ. ಮರ ಮಾತ್ರ ನಿಜವಾಗಿಯೂ ಎಲ್ಲೂ ಇಲ್ಲ.

ಹಂತ 4: ಬೇರು ಇದೆಯೇ, ಮೇಲೆ ಬಂದಿದೆಯೇ

ಇಡೀ ಕೆಲಸದ ಜೀವಾಳ ಈ ಹಂತ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಎರಡೇ ಪ್ರಶ್ನೆ ಕೇಳಿಕೊಳ್ಳಿ.

ಮೇಲಕ್ಷರ ನೋಡಿದಾಗ: ಇದಕ್ಕೆ ಕೆಳಗೆ ಬೇರಿದೆಯೇ? ಅಂದರೆ ಅದೇ ಧಾತು ಯಾವುದಾದರೂ ಪ್ರಾಣಿಯೊಳಗೆ ಇದೆಯೇ? ಬೇರಿಲ್ಲದ ಮೇಲಕ್ಷರ ಹೂದಾನಿಯಲ್ಲಿಟ್ಟ ಹೂವಿನ ಹಾಗೆ. ಕಣ್ಣಿಗೆ ಕಾಣುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ.

ಒಳಕ್ಷರ ನೋಡಿದಾಗ: ಇದು ಮೇಲೆ ಬಂದಿದೆಯೇ? ಅದೇ ಧಾತು ಮೇಲಿನ ಸಾಲಿನಲ್ಲಿ ಕಾಣಿಸುತ್ತದೆಯೇ? ಮೇಲೆ ಬಾರದ ಒಳಕ್ಷರ ಹಗೇವಿನಲ್ಲಿಟ್ಟ ಜೋಳದಂತೆ. ಇದೆ, ಆದರೆ ಬಾಯಿ ತೆಗೆಯುವವರೆಗೆ ಒಲೆಗೆ ಬಾರದು.

ಉದಾಹರಣೆಯಲ್ಲಿ ಗಂಟೆಯ ಮೇಲಿನ ಯಿನ್ ಲೋಹ ಎಲ್ಲಕ್ಕಿಂತ ಗಟ್ಟಿ. ಹುಂಜ, ನಾಯಿ, ಎತ್ತು ಮೂರರಲ್ಲೂ ಅದೇ ಯಿನ್ ಲೋಹ ಬೇರು ಬಿಟ್ಟಿದೆ, ಹಾವಿನಲ್ಲಿ ಯಾಂಗ್ ಲೋಹದ ಆಸರೆ ಬೇರೆ. ತಿಂಗಳ ಮೇಲಿನ ಯಿನ್ ಬೆಂಕಿಗೆ ನಾಯಿಯಲ್ಲಿ ತನ್ನದೇ ಬೇರು, ಹಾವಿನಲ್ಲಿ ಅಣ್ಣನಂತೆ ಯಾಂಗ್ ಬೆಂಕಿ. ಒಡತಿ ಯಾಂಗ್ ಮಣ್ಣಿಗೆ ಕಾಲ ಕೆಳಗಿನ ನಾಯಿಯೇ ಬೇರು, ಹಾವಿನಲ್ಲೂ ಒಂದು, ಎತ್ತಿನ ಯಿನ್ ಮಣ್ಣು ಜೊತೆಗೆ. ಮೇಲಿನ ನಾಲ್ಕೂ ಅಕ್ಷರಕ್ಕೆ ಬೇರಿದೆ. ಎಲ್ಲ ಜಾತಕದಲ್ಲೂ ಹೀಗಾಗುವುದಿಲ್ಲ, ಅಭ್ಯಾಸಕ್ಕೆ ಈ ದಿನವನ್ನು ಆರಿಸಿದ್ದೇ ಅದಕ್ಕೆ.

ನೀರು ಮಾತ್ರ ಒಳಗೇ ಉಳಿದಿದೆ. ಎತ್ತಿನೊಳಗೆ, ಮಣ್ಣಿನ ಅಡಿಯಲ್ಲಿ. ಇದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬೇರೆಯಾಗಿ ಬರೆದಿಡಿ. ಮುಂದೆ ಬೇಕಾಗುತ್ತದೆ.

ತಪ್ಪುವುದು ಎಲ್ಲಿ? ಒಳಕ್ಷರ ಕಂಡ ತಕ್ಷಣ ಅದಕ್ಕೆ ಮೇಲಕ್ಷರದಷ್ಟೇ ಬೆಲೆ ಕೊಡುವುದು. ‘ಆಹಾ, ನೀರಿದೆ’ ಎಂದು ಹಿಗ್ಗುವುದೂ ತಪ್ಪು, ‘ನೀರೇ ಇಲ್ಲ’ ಎಂದು ಕುಗ್ಗುವುದೂ ತಪ್ಪು. ನೀರು ಇದೆ, ಒಳಗಿದೆ. ಸದ್ಯಕ್ಕೆ ಇಷ್ಟೇ ಹೇಳಬಹುದು.

ಹಂತ 5: ತಿಂಗಳನ್ನು ಕೇಳಿ

ತಿಂಗಳ ಕೆಳಕ್ಷರ ಜಾತಕದ ಋತು. ಎಲ್ಲ ಅಕ್ಷರಗಳ ಬಲವೂ ಅದರ ಮುಂದೆ ನಿಂತೇ ತೂಗಬೇಕು. ಹುಲಿ, ಮೊಲದ ತಿಂಗಳಲ್ಲಿ ಮರಕ್ಕೆ ಬಲ. ಹಾವು, ಕುದುರೆಯಲ್ಲಿ ಬೆಂಕಿಗೆ. ಕೋತಿ, ಹುಂಜದಲ್ಲಿ ಲೋಹಕ್ಕೆ. ಹಂದಿ, ಇಲಿಯಲ್ಲಿ ನೀರಿಗೆ. ಉಳಿದ ನಾಲ್ಕು, ಅಂದರೆ ಎತ್ತು, ಡ್ರ್ಯಾಗನ್, ಮೇಕೆ, ನಾಯಿ, ಮಣ್ಣಿನ ತಿಂಗಳುಗಳು. ಇವು ತಮ್ಮ ಋತುವಿನ ಬಾಲವನ್ನೂ ಹಿಡಿದುಕೊಂಡಿರುತ್ತವೆ.

ಎತ್ತಿನ ತಿಂಗಳು ಕೊರೆಯುವ ಚಳಿಗಾಲದ ಕೊನೆ. ಮಣ್ಣು ಇದೆ, ಆದರೆ ಒದ್ದೆ ಮಣ್ಣು, ಹೆಪ್ಪುಗಟ್ಟಿದ ಮಣ್ಣು. ನಮ್ಮ ಒಡತಿಗೆ ಬಲ ಸಾಕಷ್ಟಿದೆ, ಬೇಕಾಗಿರುವುದು ಬಿಸಿ. ಹಾಗಾಗಿ ತಿಂಗಳ ಮೇಲಿನ ಯಿನ್ ಬೆಂಕಿ ಸಣ್ಣ ದೀಪವಾದರೂ ಈ ಜಾತಕದಲ್ಲಿ ಬಹಳ ಬೆಲೆಯುಳ್ಳದ್ದು. ‘ಬೆಂಕಿ 2’ ಎಂಬ ಎಣಿಕೆಯಿಂದ ಇದು ತಿಳಿಯುತ್ತಿರಲಿಲ್ಲ.

ಹಂತ 6: ಸಂಬಂಧದ ಹೆಸರು ಇಡಿ

ಈಗ, ಈಗ ಮಾತ್ರ, ಹೆಸರು ಇಡುವ ಸಮಯ. ಒಡತಿಯ ಧಾತುವೇ ಆದರೆ ಅದು ಜೊತೆ. ಒಡತಿಯನ್ನು ಪೋಷಿಸುವುದು ಆಸರೆ. ಒಡತಿಯಿಂದ ಹುಟ್ಟುವುದು ಮಾತು, ಕಲೆ, ಕೆಲಸದ ಫಲ. ಒಡತಿ ಹಿಡಿತದಲ್ಲಿಡುವುದು ದುಡ್ಡು. ಒಡತಿಯನ್ನು ಹಿಡಿತದಲ್ಲಿಡುವುದು ಅಧಿಕಾರ. ಯಿನ್-ಯಾಂಗ್ ಒಂದೇ ಆದರೆ ಒಂದು ಬಗೆ, ಬೇರೆ ಆದರೆ ಇನ್ನೊಂದು ಬಗೆ. ಆಸರೆ, ದುಡ್ಡು, ಅಧಿಕಾರದಲ್ಲಿ ಬೇರೆ ಇರುವುದನ್ನು ‘ನೇರ’ ಎನ್ನುತ್ತಾರೆ. ಒಟ್ಟು ಹತ್ತು.

ಮಣ್ಣಿನಿಂದ ಲೋಹ ಹುಟ್ಟುತ್ತದೆ. ಒಡತಿ ಯಾಂಗ್, ಲೋಹ ಯಿನ್. ಇದಕ್ಕೆ ಶಾಂಗ್‌ಗ್ವಾನ್ ಎಂದು ಹೆಸರು. ಅಧಿಕಾರಿಗೆ ಪೆಟ್ಟು ಕೊಡುವುದು ಎಂದು ಪದದ ಅರ್ಥ. ಹೆಸರು ಕೇಳಿ ಹೆದರಬೇಡಿ. ಕಟ್ಟಳೆಯನ್ನು ಪ್ರಶ್ನಿಸುವ ಬುದ್ಧಿ, ಚುರುಕು ಮಾತು, ಕೈಕಸುಬು ಎಲ್ಲವನ್ನೂ ಇದರಲ್ಲೇ ನೋಡುತ್ತಾರೆ. ಯಿನ್ ಬೆಂಕಿ ಅವಳ ನೇರ ಆಸರೆ: ಓದು, ತಾಯಿ, ಹಿರಿಯರು. ಅಡಗಿದ ಯಿನ್ ನೀರು ಅವಳ ನೇರ ದುಡ್ಡು. ಎಲ್ಲೂ ಇಲ್ಲದ ಮರ ಅಧಿಕಾರ.

ಶಾಂಗ್‌ಗ್ವಾನ್ ಎತ್ತಿನ ತಿಂಗಳ ಒಳಗಿಂದಲೇ ಮೇಲೆ ಬಂದಿದೆ. ಹಾಗಾಗಿ ಇಡೀ ಜಾತಕದ ಮಾದರಿ ಅದರ ಹೆಸರಿನಲ್ಲೇ ನಿಲ್ಲುತ್ತದೆ. ಜೊತೆಗೆ ಬೆಂಕಿಯ ಆಸರೆ ಇರುವುದರಿಂದ ಆ ಚುರುಕಿಗೆ ಓದಿನ ಕಡಿವಾಣ ಇದೆ ಎಂದು ಓದಬೇಕು.

ಹಂತ 7: ಕೂಟ ಮತ್ತು ಡಿಕ್ಕಿ

ಪ್ರಾಣಿಗಳು ಒಂದಕ್ಕೊಂದು ಸುಮ್ಮನೆ ಇರುವುದಿಲ್ಲ. ಈ ಕ್ರಮದಲ್ಲೇ ಹುಡುಕಿ.

ಮೊದಲು ಮೂರರ ಕೂಟ. ಕೋತಿ-ಇಲಿ-ಡ್ರ್ಯಾಗನ್ ನೀರು. ಹಂದಿ-ಮೊಲ-ಮೇಕೆ ಮರ. ಹುಲಿ-ಕುದುರೆ-ನಾಯಿ ಬೆಂಕಿ. ಹಾವು-ಹುಂಜ-ಎತ್ತು ಲೋಹ. ಮೂರರಲ್ಲಿ ನಡುವಿನದೇ ಯಜಮಾನ. ನಡುವಿನದು ಮತ್ತು ಇನ್ನೊಂದು ಇದ್ದರೆ ಅರ್ಧ ಕೂಟ.

ಆಮೇಲೆ ಡಿಕ್ಕಿ. ಇಲಿ-ಕುದುರೆ, ಎತ್ತು-ಮೇಕೆ, ಹುಲಿ-ಕೋತಿ, ಮೊಲ-ಹುಂಜ, ಡ್ರ್ಯಾಗನ್-ನಾಯಿ, ಹಾವು-ಹಂದಿ.

ನಂತರ ಜೋಡಿ. ಇಲಿ-ಎತ್ತು, ಹುಲಿ-ಹಂದಿ, ಮೊಲ-ನಾಯಿ, ಡ್ರ್ಯಾಗನ್-ಹುಂಜ, ಹಾವು-ಕೋತಿ, ಕುದುರೆ-ಮೇಕೆ.

ಮೇಲಿನ ಸಾಲಿನಲ್ಲೂ ಐದು ಜೋಡಿಗಳಿವೆ: ಯಾಂಗ್ ಮರ-ಯಿನ್ ಮಣ್ಣು, ಯಿನ್ ಮರ-ಯಾಂಗ್ ಲೋಹ, ಯಾಂಗ್ ಬೆಂಕಿ-ಯಿನ್ ಲೋಹ, ಯಿನ್ ಬೆಂಕಿ-ಯಾಂಗ್ ನೀರು, ಯಾಂಗ್ ಮಣ್ಣು-ಯಿನ್ ನೀರು.

ಶಿಕ್ಷೆ, ಕೇಡು ಎಂಬ ಇನ್ನೆರಡು ಪಟ್ಟಿಗಳಿವೆ. ಅವು ಕೊನೆಗೆ ಇರಲಿ. ಶುರುವಿನಲ್ಲೇ ಅವನ್ನು ಹಿಡಿದುಕೊಂಡವರು ಪ್ರತಿ ಜಾತಕದಲ್ಲೂ ಕೆಟ್ಟದ್ದನ್ನೇ ಕಾಣುತ್ತಾರೆ.

ಉದಾಹರಣೆಯಲ್ಲಿ ಹಾವು ಇದೆ, ಎತ್ತಿದೆ, ಹುಂಜ ಇದೆ. ಲೋಹದ ಕೂಟ ಪೂರ್ತಿ ಆಗಿದೆ! ಆ್ಯಪ್‌ನ ಲೆಕ್ಕದಲ್ಲಿ ಮಣ್ಣಿನ ಗುಡ್ಡೆಯಂತೆ ಕಂಡ ಜಾತಕದ ಒಳಗೆ ಹರಿಯುತ್ತಿರುವುದು ಲೋಹ. ಅದಕ್ಕೆ ತಿಂಗಳು ಸೇರಿಕೊಂಡಿದೆ, ಮೇಲೆ ಯಿನ್ ಲೋಹವೂ ಕಾಣಿಸಿಕೊಂಡಿದೆ. ಹಂತ 3ರಲ್ಲಿ ಹಾಕಿದ ಕೆಂಪು ಸುತ್ತುಗಳು ಇಲ್ಲಿ ಒಂದಕ್ಕೊಂದು ಸೇರುತ್ತವೆ.

ಇಲ್ಲಿ ಆತುರ ಮಾಡಬೇಡಿ. ಕೂಟ ಆಯಿತು ಎಂದರೆ ಮೂರೂ ಕರಗಿ ಲೋಹವೇ ಆಗಿಹೋದವು ಎಂದಲ್ಲ. ಎತ್ತು ಮತ್ತು ಹುಂಜದ ನಡುವೆ ನಾಯಿ ಕೂತಿದೆ. ಅದರೊಳಗೆ ಬೆಂಕಿ ಇದೆ, ಮೇಲಿನ ಯಿನ್ ಬೆಂಕಿಗೆ ಅದೇ ಬೇರು. ಅದಕ್ಕೇ ‘ಲೋಹದ ಕಡೆಗೆ ಬಲವಾದ ಸೆಳೆತ’ ಎಂದು ಬರೆಯಿರಿ, ‘ಎಲ್ಲ ಲೋಹವಾಯಿತು’ ಎಂದು ಬರೆಯಬೇಡಿ. ಹಾವಿನ ಬೆಂಕಿ ಈ ಸೆಳೆತಕ್ಕೆ ಸಿಕ್ಕಿ ಕುಂದಿದೆ, ಹಾಗಾಗಿ ದೀಪಕ್ಕೆ ಎಣ್ಣೆ ಬರುವುದು ಮುಖ್ಯವಾಗಿ ನಾಯಿಯಿಂದ. ನಾಯಿ ಅಲುಗಾಡಿದ ವರ್ಷ ದೀಪವೂ ಅಲುಗಾಡುತ್ತದೆ.

ಇನ್ನೊಂದು ಸಣ್ಣ ಎಳೆ. ಯಾಂಗ್ ಮಣ್ಣು ಮತ್ತು ಯಿನ್ ನೀರು ಜೋಡಿ. ಒಡತಿಯ ಜೋಡಿ ಎತ್ತಿನೊಳಗೆ ಅಡಗಿ ಕೂತಿದೆ. ಮೇಲಕ್ಷರಕ್ಕೂ ಒಳಕ್ಷರಕ್ಕೂ ಇರುವ ಇಂಥ ಗುಟ್ಟಿನ ಜೋಡಿಯನ್ನು ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ಪೆನ್ಸಿಲ್‌ನಲ್ಲಿ ತೆಳುವಾದ ಗೆರೆ ಎಳೆದಿಡಿ. ದುಡ್ಡಿನ ಬಗ್ಗೆ ಒಲವಿದೆ, ಅದು ತೋರಿಕೆಗೆ ಬರುವುದಿಲ್ಲ ಎಂದು ಇದನ್ನು ಓದುತ್ತಾರೆ.

ಹಂತ 8: ಇಲ್ಲದ ಅಕ್ಷರವನ್ನು ನೋಡಿ

ಮೂರರ ಕೂಟದಲ್ಲಿ ಎರಡು ತುದಿ ಇದ್ದು ನಡುವಿನದು ಇಲ್ಲದಿದ್ದರೆ ಅದನ್ನು ಕಮಾನು ಎನ್ನಬಹುದು. ಎರಡು ಕಂಬ ನಿಂತಿವೆ, ನಡುವಿನ ಕಲ್ಲು ಇನ್ನೂ ಬಂದಿಲ್ಲ.

ಗಂಟೆ ತಪ್ಪಿದರೆ ಏನಾಗುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. 6:10ಕ್ಕೆ ಹುಟ್ಟಿದ ಮಗುವಿನದು ಕೋತಿಯ ಗಂಟೆ, ಮೇಲೆ ಯಾಂಗ್ ಲೋಹ. ಹಾವು ಇದೆ, ಎತ್ತಿದೆ, ಹುಂಜ ಇಲ್ಲ. ಕಮಾನು ಮಾತ್ರ ಇದೆ. ಹುಂಜದ ವರ್ಷ ಬಂದಾಗ, ಅಂದರೆ 1993ರಲ್ಲಿ, 2005ರಲ್ಲಿ, 2017ರಲ್ಲಿ, ನಡುವಿನ ಕಲ್ಲು ಬಂದು ಕೂರುತ್ತದೆ. 6:40ರ ಮಗುವಿಗೆ ಹುಟ್ಟಿನಿಂದಲೇ ಇರುವುದು ಈ ಮಗುವಿಗೆ ಕೆಲವು ವರ್ಷ ಮಾತ್ರ ಸಿಗುತ್ತದೆ. ಮೇಲಿನ ಲೋಹವೂ ಬೇರೆ: ಯಾಂಗ್ ಮಣ್ಣಿಗೆ ಯಾಂಗ್ ಲೋಹ ಶಾಂಗ್‌ಗ್ವಾನ್ ಅಲ್ಲ, ಅದರ ಮೆದು ಸ್ವಭಾವದ ಜೊತೆಗಾರ. ಅರ್ಧ ಗಂಟೆಗೆ ಇಷ್ಟು ವ್ಯತ್ಯಾಸ.

ಪೂರ್ತಿ ಇಲ್ಲದ ಧಾತುವಿನ ಬಗ್ಗೆಯೂ ಇಲ್ಲೇ ಹೇಳಬೇಕು. ಮರ ಇಲ್ಲ ಎಂದ ಮಾತ್ರಕ್ಕೆ ಮರ ತಂದು ತುಂಬಬೇಕಿಲ್ಲ. ಶಾಂಗ್‌ಗ್ವಾನ್ ಇಷ್ಟು ಬಲವಾಗಿರುವ ಜಾತಕಕ್ಕೆ ಅಧಿಕಾರದ ಮರ ಬಂದರೆ ಇಬ್ಬರಿಗೂ ಜಗಳ ಎಂಬುದು ಈ ಪದ್ಧತಿಯ ಹಳೆಯ ನಿಯಮ. ಇಲ್ಲದಿರುವುದೇ ಕೆಲವೊಮ್ಮೆ ಅನುಕೂಲ.

ಹಂತ 9: ಹತ್ತು ವರ್ಷದ ಕಂಬಗಳು

ನಮ್ಮಲ್ಲಿ ದಶೆ ನೋಡುವಂತೆ ಇಲ್ಲಿ ಹತ್ತು ಹತ್ತು ವರ್ಷದ ಕಂಬಗಳಿವೆ. ಯಾಂಗ್ ವರ್ಷದ ಗಂಡು, ಯಿನ್ ವರ್ಷದ ಹೆಣ್ಣಿಗೆ ತಿಂಗಳ ಕಂಬದಿಂದ ಮುಂದಕ್ಕೆ ಎಣಿಸಬೇಕು. ಉಳಿದವರಿಗೆ ಹಿಂದಕ್ಕೆ. ವರ್ಷದ ಮೇಲಕ್ಷರ ತಪ್ಪಿದ್ದರೆ ದಿಕ್ಕೇ ತಿರುಗಿಹೋಗುತ್ತದೆ. ಈ ಮಗುವಿನ ವರ್ಷವನ್ನು ಕುದುರೆ ಎಂದು ಹಿಡಿದವರು ಇಡೀ ಬದುಕನ್ನು ಉಲ್ಟಾ ಓದುತ್ತಾರೆ, ಏಕೆಂದರೆ ಕುದುರೆ ಯಾಂಗ್, ಹಾವು ಯಿನ್.

ಶುರುವಾಗುವ ವಯಸ್ಸಿಗೆ, ಮುಂದಕ್ಕೆ ಎಣಿಸುವವರು ಹುಟ್ಟಿನಿಂದ ಮುಂದಿನ ತಿಂಗಳು ಶುರುವಾಗುವವರೆಗಿನ ದಿನ ಎಣಿಸಿ. ಮೂರು ದಿನಕ್ಕೆ ಒಂದು ವರ್ಷ. ನಮ್ಮ ಉದಾಹರಣೆಯಲ್ಲಿ ಲಿಚುನ್‌ಗೆ ಒಂದೂವರೆ ದಿನದ ಮೇಲೆ ಸ್ವಲ್ಪ ಉಳಿದಿತ್ತು, ಹಾಗಾಗಿ ಅರ್ಧ ವರ್ಷದ ಮಗುವಿದ್ದಾಗಲೇ ಮೊದಲ ಕಂಬ. ಯಾಂಗ್ ಮಣ್ಣು-ಹುಲಿ 2000ದವರೆಗೆ, ಯಿನ್ ಮಣ್ಣು-ಮೊಲ 2010ರವರೆಗೆ, ಯಾಂಗ್ ಲೋಹ-ಡ್ರ್ಯಾಗನ್ 2020ರವರೆಗೆ, ಯಿನ್ ಲೋಹ-ಹಾವು 2030ರವರೆಗೆ.

ಈಗ ಅಂಚಿನಲ್ಲಿ ಬರೆದಿಟ್ಟ ನೀರಿಗೆ ಬನ್ನಿ. ಒಳಗಿರುವುದು ಮೇಲೆ ಬರುವುದು ಕಾಲದ ಕಂಬದಿಂದ. 2023 ಯಿನ್ ನೀರು-ಮೊಲದ ವರ್ಷ. ಯಿನ್ ನೀರು ಮೇಲೆ ಬಂತು, ಬಂದದ್ದೇ ಒಡತಿಯ ಜೊತೆ ಜೋಡಿಯಾಯಿತು. ಅದೇ ವರ್ಷ ಮೊಲ ಹುಂಜಕ್ಕೆ ಡಿಕ್ಕಿ ಹೊಡೆಯಿತು, ಲೋಹದ ಕೂಟದ ಯಜಮಾನನಿಗೇ ಪೆಟ್ಟು. ಮೊಲದೊಳಗಿನ ಮರ ಅಧಿಕಾರ. ದುಡ್ಡು ಕೈಗೆ ಬರುವ, ಅದೇ ಹೊತ್ತಿಗೆ ಕೆಲಸದ ಜಾಗದಲ್ಲಿ ಮೇಲಿನವರ ಜೊತೆ ತಿಕ್ಕಾಟ ಆಗುವ ವರ್ಷ ಎಂದು ಓದಬೇಕು. ಎರಡರಲ್ಲಿ ಒಂದನ್ನು ಮಾತ್ರ ಹೇಳಿದರೆ ಓದು ಅರ್ಧ.

2010-20ರ ಡ್ರ್ಯಾಗನ್ ಇನ್ನೊಂದು ಕಲಿಕೆ. ಅದು ನಾಯಿಗೆ ಡಿಕ್ಕಿ, ಹುಂಜಕ್ಕೆ ಜೋಡಿ. ಜೋಡಿ ಸಿಕ್ಕಾಗ ಡಿಕ್ಕಿ ಮೆತ್ತಗಾಗುತ್ತದೆ ಎಂಬುದು ಸಾಮಾನ್ಯ ನಿಯಮ. ಮೆತ್ತಗಾಗುತ್ತದೆ, ಇಲ್ಲವಾಗುವುದಿಲ್ಲ. ದೀಪಕ್ಕೆ ಎಣ್ಣೆ ಕೊಡುತ್ತಿದ್ದ ನಾಯಿ ಆ ಹತ್ತು ವರ್ಷ ಅಲುಗಾಡಿಯೇ ಇತ್ತು. ಓದು, ತಾಯಿ, ಹಿರಿಯರ ವಿಷಯವನ್ನು ಅಲ್ಲಿ ಕೇಳಬೇಕು.

ಅಪಾಯದ ಸೂಚನೆಗಳು

ಇವುಗಳಲ್ಲಿ ಯಾವುದು ಕಂಡರೂ ಪೆನ್ನು ಕೆಳಗಿಡಿ.

‘ನಕ್ಷತ್ರ’ಗಳ ಹೆಸರಿನಿಂದ ಓದು ಶುರು ಮಾಡಿದ್ದೀರಿ. ಇವು ನಮ್ಮ ಅಶ್ವಿನಿ, ಭರಣಿ ಅಲ್ಲ, ಕೆಲವು ಅಕ್ಷರಗಳಿಗೆ ಬಾಜ಼ಿಯಲ್ಲಿ ಇಟ್ಟಿರುವ ವಿಶೇಷ ಹೆಸರುಗಳು. ನಮ್ಮ ಉದಾಹರಣೆಯ ಯಾಂಗ್ ಮಣ್ಣು-ನಾಯಿ ದಿನಕ್ಕೆ ಆ್ಯಪ್ ‘ಕುಯಿಗಾಂಗ್’ ಎಂದು ತೋರಿಸುತ್ತದೆ. ಹುಡುಕಿ ನೋಡಿದರೆ ಹೆಣ್ಣುಮಕ್ಕಳಿಗೆ ಇದು ಕಠಿಣ ಎಂಬ ಮಾತೇ ಎಲ್ಲೆಡೆ ಸಿಗುತ್ತದೆ. ಮೂಲ ರಚನೆ ಓದದೆ ಇಂಥ ಹೆಸರನ್ನು ಯಾರ ಮುಂದೆಯೂ ಎತ್ತಬೇಡಿ. ಸುಮ್ನೆ ಒಬ್ಬಳ ನಿದ್ದೆ ಕೆಡಿಸಿದಂತೆ ಆಗುತ್ತದೆ.

ಒಂದೇ ಜಾತಕದಲ್ಲಿ ಮೂರು ನಾಲ್ಕು ಅಡಗಿದ ಮಾದರಿ ಕಂಡಿವೆ ಅನಿಸುತ್ತಿದೆ. ಹಂತ 4ಕ್ಕೆ ವಾಪಸ್ ಹೋಗಿ. ಬೇರಿಲ್ಲದ್ದನ್ನು, ಮೇಲೆ ಬಾರದ್ದನ್ನು ಒಂದೊಂದಾಗಿ ಹೊಡೆದುಹಾಕಿ. ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ನಿಮಗೆ ಬೇಕಾದ ಉತ್ತರ ಬರುವವರೆಗೆ ನಿಯಮ ಬದಲಿಸುತ್ತಿದ್ದೀರಿ. ಬಾಜ಼ಿಯಲ್ಲಿ ಹಲವು ಪಂಥಗಳಿವೆ. ಎತ್ತು, ಡ್ರ್ಯಾಗನ್, ಮೇಕೆ, ನಾಯಿ ಈ ನಾಲ್ಕನ್ನು ಒಳಗೆ ದಾಸ್ತಾನು ಇಟ್ಟುಕೊಂಡ ಕಣಜಗಳು ಎನ್ನುತ್ತಾರೆ. ಇಂಥ ಪ್ರಾಣಿಗೆ ಡಿಕ್ಕಿಯಾದರೆ ಒಳಗಿನದು ಹೊರಬರುತ್ತದೆ ಎನ್ನುವವರೂ ಇದ್ದಾರೆ, ಒಡೆದು ಹಾಳಾಗುತ್ತದೆ ಎನ್ನುವವರೂ ಇದ್ದಾರೆ. ಒಂದನ್ನು ಆರಿಸಿ, ಐವತ್ತು ಜಾತಕ ಮುಗಿಯುವವರೆಗೆ ಅದಕ್ಕೇ ಅಂಟಿಕೊಳ್ಳಿ.

ಕಾಯಿಲೆ, ಸಾವು, ಮದುವೆ ಮುರಿಯುವುದು ಇಂಥ ಮಾತು ಬಾಯಿಗೆ ಬರುತ್ತಿದೆ. ಹೇಳಬೇಡಿ. ಕಾಯಿಲೆಗೆ ಡಾಕ್ಟರ್ ಇದ್ದಾರೆ.

ಹಂತ 10: ಹಿಂದಿನ ವರ್ಷಗಳ ಮೇಲೆ ಪರೀಕ್ಷಿಸಿ

ಮುಂದಿನದು ಹೇಳುವ ಮೊದಲು ಆಗಿಹೋದ ಮೂರು ವರ್ಷ ಆರಿಸಿ. ನೀವೇ ಬರೆದ ಓದಿನ ಪ್ರಕಾರ ಯಾವ ವರ್ಷ ಏನಾಗಿರಬೇಕು ಎಂದು ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಆ ವ್ಯಕ್ತಿಯನ್ನು ಕೇಳಿ. ಈ ಕ್ರಮ ತಿರುಗಿಸಬೇಡಿ. ಮೊದಲೇ ಕೇಳಿಬಿಟ್ಟರೆ ಕೇಳಿದ್ದನ್ನೇ ಜಾತಕದಲ್ಲಿ ಕಾಣುತ್ತೀರಿ. ನಮ್ಮ ಉದಾಹರಣೆಯಂಥ ಜಾತಕಕ್ಕೆ 2005, 2017 ಕೇಳಿ. ಅವೆರಡೂ ಹುಂಜದ ವರ್ಷ. ಅವೇ ಎರಡು ವರ್ಷಗಳಲ್ಲಿ ಬದುಕು ದೊಡ್ಡದಾಗಿ ಹೊರಳಿದ್ದರೆ ಗಂಟೆ ಕೋತಿಯದೇ ಇರಬಹುದು, ಹುಂಜ ಆಗ ಬಂದು ಕಮಾನು ತುಂಬಿದೆ. ಏನೂ ವಿಶೇಷ ಆಗಲಿಲ್ಲ, ಆ ಚುರುಕು ಮೊದಲಿನಿಂದಲೂ ಇತ್ತು ಎಂದರೆ ಗಂಟೆ ಹುಂಜದ್ದು.

ಮೂರರಲ್ಲಿ ಎರಡು ತಪ್ಪಿದರೆ ಓದನ್ನು ತಿದ್ದಲು ಹೋಗಬೇಡಿ. ಹಂತ 1ಕ್ಕೆ ಹೋಗಿ, ಗಂಟೆಯನ್ನು ಒಂದು ಮನೆ ಹಿಂದೆ, ಒಂದು ಮನೆ ಮುಂದೆ ಇಟ್ಟು ಎರಡು ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ. ಹುಟ್ಟಿದ ಸಮಯವನ್ನು ಎಷ್ಟೋ ಮನೆಗಳಲ್ಲಿ ‘ದೀಪ ಹಚ್ಚುವ ಹೊತ್ತು’ ಎಂದಷ್ಟೇ ನೆನಪಿಟ್ಟಿರುತ್ತಾರೆ. ಅಂಥ ಕಡೆ ತಾಯಿಯನ್ನೋ ಅಜ್ಜಿಯನ್ನೋ ಇನ್ನೊಮ್ಮೆ ಕೇಳಿ ಬನ್ನಿ: ಆಗ ಹೊರಗೆ ಬೆಳಕಿತ್ತಾ, ಕತ್ತಲಾಗಿತ್ತಾ?